ಪ್ರಿಂಟರಿಗೆ ಮನೆದೇವರ ಹೆಸರು

ಮುಂಡರಗಿಯ ಒಂದು ದವಾಖಾನೆಯಲ್ಲಿ ಖಂಡೇಪೂಜೆಯ, ಅಂದರೆ ಆಯುಧಪೂಜೆಯ, ದಿನ ಮಾಲೀಕರು ಎರಡು ಪ್ರಿಂಟರುಗಳಿಗೆ ಮನೆದೇವರ ಹೆಸರಿಟ್ಟಿದ್ದರು: ವೀರಭದ್ರ ಒಂದು, ವೀರಭದ್ರ ಎರಡು. ಯಾವುದು ಎಲ್ಲಿದೆಯೆಂದು ಯಾರಿಗೂ ನೆನಪಿರಲಿಲ್ಲ. ನಾನು ರಿಪೇರಿಗೆ ಹೋದಾಗಲೇ, ಡಾಕ್ಟರ ಕೋಣೆಗೆ ಹೋಗಬೇಕಿದ್ದ ರಿಪೋರ್ಟು ಹೊರಗಿನ ಪಡಸಾಲೆಯಲ್ಲಿ ಬಂತು. ಗರ್ಭ ಉಳಿದಿಲ್ಲವೆಂದು ಯಾರೋ ಗಟ್ಟಿಯಾಗಿ ಓದಿಬಿಟ್ಟರು. ಆ ರಿಪೋರ್ಟು ಯಾರದೋ ಆ ಹೆಣ್ಣುಮಗಳು ಅಲ್ಲೇ ಕೂತಿದ್ದಳು; ಅವಳಿಗೆ ಸುದ್ದಿ ತಿಳಿದದ್ದು ಹಾಗೆ.

"ಈ ಹೆಸರು ಬದಲಿ ಮಾಡ್ತೀನ್ರಿ," ಎಂದೆ.

ಮಾಲೀಕರು ಗಾಬರಿಯಾದರು. "ದೇವರ ಹೆಸರು ತಗದ್ರ ಪಾಪ ಬರ್ತೈತ್ರೀ!"

ನನಗೆ ಸಿಟ್ಟು ತಡೆಯಲಿಲ್ಲ. "ನಾನೂ ದಿನಾ ಪೂಜಿ ಮಾಡಾವ್ರೀ. ಆ ತಂಗಿಗೆ ಈ ಸುದ್ದಿ ಹಿಂಗ ತಿಳೀಬೇಕಿತ್ತೇನ್ರೀ? ಇದು ಪಾಪ ಅಲ್ಲೇನು?"

ಅವರು ಕಂಪ್ಯೂಟರಿನ ಮುಂದಿನಿಂದ ಎದ್ದು ನನಗೆ ಜಾಗ ಬಿಟ್ಟರು. ಆ ವಿಂಡೋಸ್ ಕಂಪ್ಯೂಟರಿನಲ್ಲಿ ಹೆಸರುಗಳನ್ನು 'ಡಾಕ್ಟರ ಕೋಣೆ', 'ಪಡಸಾಲೆ' ಎಂದು ಬದಲಿಸಿದೆ. ಲ್ಯಾಬಿನ ಲಿನಕ್ಸ್ ಕಂಪ್ಯೂಟರಿನಲ್ಲಿ ಮಾತ್ರ ಹಳೆಯ ಹೆಸರುಗಳು ಹಾಗೇ ಇದ್ದವು. ಅಲ್ಲಿ ದೇವರ ಹೆಸರನ್ನು ಮತ್ತೊಮ್ಮೆ ಬೇರೆಯಾಗಿಯೇ ತೆಗೆಯಬೇಕಾಯಿತು. ಹೀಗಾಗಿ ವೀರಭದ್ರನಲ್ಲಿ ಕ್ಷಮೆಯನ್ನೂ ಎರಡೆರಡು ಸಲ ಕೇಳಿದೆ.