ಮೂಟೆ ತೂಗುವ ಯಂತ್ರದ ಮೇಲೆ

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಮೂರ್ನಾಲ್ಕು ವರ್ಷವಾಗಿತ್ತು. ನನ್ನ ಗಂಡ ಸುಂಟಿಕೊಪ್ಪದ ಬಳಿಯ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಎರಡನೆಯ ಹೆರಿಗೆಯ ನಂತರ ನನಗೆ ಬುದ್ಧಿ ಕೆಟ್ಟಿತು. ಗೋಡೆಯೊಳಗಿಂದ ಯಾರೋ ನನ್ನನ್ನು ಬಯ್ಯುತ್ತಿದ್ದರು. ಬೆಂಗಳೂರಿನ ಆಸ್ಪತ್ರೆಯಲ್ಲಿ ಎರಡು ತಿಂಗಳಿದ್ದು, ಮಾತ್ರೆಗಳ ಸೀಸೆ ಹಿಡಿದು ಮನೆಗೆ ಬಂದೆ. ಬಯ್ಗುಳ ನಿಂತಿತು. ಹಸಿವು ಶುರುವಾಯಿತು.

ಎಂಥ ಹಸಿವೆಂದರೆ, ಉಂಡು ಕೈತೊಳೆದ ಮರುಗಳಿಗೆಯೇ ಮತ್ತೆ ಬೇಕು. ಒಂದು ಮಧ್ಯಾಹ್ನ ನಾಯಿಗೆಂದು ಎತ್ತಿಟ್ಟಿದ್ದ ತಂಗಳು ರೊಟ್ಟಿಯನ್ನು ಒಲೆಯ ಪಕ್ಕ ನಿಂತು ತಿಂದೆ. ಅದಕ್ಕೆ ಹಳಸಿದ ಸಾರು ಮೆತ್ತಿಕೊಂಡಿತ್ತು. ನಾಯಿ ಬಾಗಿಲಲ್ಲಿ ಕೂತು ನೋಡುತ್ತಿತ್ತು. ಎಂಟು ತಿಂಗಳಲ್ಲಿ ಒಂದು ರವಿಕೆಯೂ ಮೈಗೆ ಹಿಡಿಸಲಿಲ್ಲ. ಹೊಟ್ಟೆಯ ಮಡಿಕೆಗಳಲ್ಲಿ ಬೆವರು ನಿಂತು ಹುಳಿವಾಸನೆ. ಕಣ್ಣು ಮುಚ್ಚಿಕೊಂಡು ಸ್ನಾನ ಮಾಡುತ್ತಿದ್ದೆ.

ಅತ್ತೆಗೆ ಮಾತ್ರ ಹಿಗ್ಗು. ಬಂದವರಿಗೆಲ್ಲ ನನ್ನ ತೋಳು ಹಿಸುಕಿ ತೋರಿಸುವರು. "ನೋಡಿ, ಹೆಂಗಿದ್ದೋಳು ಹೆಂಗಾಗವ್ಳೆ. ಔಷ್ದಿ ಚೆನ್ನಾಗಿ ಹಿಡೀತು."

ಒಂದು ದಿನ ಅತ್ತೆಯೇ ನನ್ನನ್ನು ಕಾಫಿ ಗೋದಾಮಿಗೆ ಕರೆದೊಯ್ದು ಮೂಟೆ ತೂಗುವ ಯಂತ್ರದ ಮೇಲೆ ನಿಲ್ಲಿಸಿದರು. ಗಂಡ ಮುಳ್ಳು ನೋಡಿದರು.

"ಒಂದೂವರೆ ಮೂಟೆ ಆಯ್ತು ಕಣವ್ವ."

ಕೂಲಿ ಲೈನಿನ ಹೆಂಗಸರು ನಕ್ಕರು. ಗಂಡನೂ ನಕ್ಕರು, ಪ್ರೀತಿಯಿಂದಲೇ. ಆ ನಗುವಿಗೆ ನನಗೆ ಅಸಹ್ಯವಾಯಿತು. ನನ್ನ ಮೈ ನೆನೆದರೆ ಇನ್ನೂ ಅಸಹ್ಯ.

ಹಸಿವು ಹುಟ್ಟಿಸಿದ ಆ ಮಾತ್ರೆಗಳನ್ನು ಗೊಬ್ಬರದ ಗುಂಡಿಗೆ ಸುರಿದೆ. ಮೂರು ವಾರಕ್ಕೆ ಗೋಡೆ ಮತ್ತೆ ಮಾತಾಡಿತು. ಕಾಫಿ ಒಣಗಿಸುವ ಕಣದಲ್ಲಿ ಕೂಸನ್ನು ಬಿಸಿಲಿಗೆ ಬಿಟ್ಟು ಒಳಗೆ ಬಂದುಬಿಟ್ಟಿದ್ದೆನಂತೆ. ಕೆಂಪಗೆ ಬೆಂದಂತಿದ್ದ ಕೂಸನ್ನು ಅತ್ತೆ ಎತ್ತಿಕೊಂಡು ಬಂದರು. ಒದ್ದೆ ಬಟ್ಟೆ ಸುತ್ತಿ ನೀರು ಕುಡಿಸಿದರು; ಕೂಸು ಉಳಿಯಿತು.

ಗಂಡ ಮಡಿಕೇರಿಯ ಡಾಕ್ಟರ ಬಳಿ ಕರೆದೊಯ್ದರು. ಡಾಕ್ಟರು ಮತ್ತೆ ಅದೇ ಮಾತ್ರೆ ಬರೆದರು.

"ದಪ್ಪ ಆದ್ರೇನಮ್ಮ, ತಲೆ ಸರಿ ಇರ್ತದಲ್ಲ," ಎಂದರು, ಚೀಟಿಯಿಂದ ತಲೆ ಎತ್ತದೆ.

"ನನ್ನ ಮೈ ಮುಟ್ಟಿದ್ರೆ ನನಗೇ ವಾಕರಿಕೆ ಬರ್ತದೆ. ನಾಯಿ ರೊಟ್ಟಿ ತಿಂದಿದೀನಿ."

ಆಗ ತಲೆ ಎತ್ತಿದರು. ಮಾತ್ರೆ ಬಿಡುವ ಹಾಗಿಲ್ಲ, ಎರಡು ತಿಂಗಳು ನೋಡಿ ಕಡಿಮೆ ಮಾಡೋಣ, ಅಲ್ಲಿಯವರೆಗೆ ಅನ್ನ ಅಳೆದು ಉಣ್ಣಬೇಕು, ದಿನಾ ನಡೆಯಬೇಕು ಎಂದರು.

ಮನೆಗೆ ಬಂದು ಅಡುಗೆಮನೆಯ ಬೀರುವಿನ ಬೀಗದಕೈಯನ್ನು ಅತ್ತೆಗೆ ಕೊಟ್ಟೆ.

"ನಾನು ಬೇಡಿದ್ರೂ ಕೊಡಬೇಡಿ."

"ಉಣ್ಣೋ ಸೊಸೆಗೆ ಬೀಗ ಹಾಕಿದ್ರೆ ಜನ ಏನಂತಾರೆ?"

"ಏನಾರ ಅನ್ಲಿ."

ಹಾಕಿದರು. ಬೇಡಿದೆ, ಕಾಲು ಹಿಡಿದೆ, ಕೆಟ್ಟದಾಗಿ ಬೈದೆ. ಅವರು ಅಳುತ್ತಲೇ ಬೀಗದಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೂತರು. ದಿನಾ ಎಸ್ಟೇಟಿನ ಗೇಟಿನವರೆಗೂ ನನ್ನ ಜೊತೆ ನಡೆದು ಬರುತ್ತಿದ್ದರು.

ಮಾತ್ರೆ ಅರ್ಧಕ್ಕಿಳಿಯಿತು, ತೂಕ ಅಷ್ಟಿಷ್ಟು ಇಳಿಯಿತು. ಹಳೆಯ ಮೈ ಮರಳಲಿಲ್ಲ. ಗಂಡನ ಮುಂದೆ ಸೆರಗು ಸರಿಸಲು ಇನ್ನೂ ಎರಡು ವರ್ಷ ಬೇಕಾಯಿತು.