ಅರ್ಧ ಟಿಕ್ ತಡ

ಗಡಿಯಾರ ರಿಪೇರಿ ಮಾಡುವ ಅಣ್ಣ ಎದುರೆದುರಿಗೆ ಯಾರನ್ನೂ ಆಡಿಕೊಂಡವನಲ್ಲ. ಫೋನಿನಲ್ಲಿ ಮಾತ್ರ ಅವನ ನಾಲಿಗೆಗೆ ಲಂಗುಲಗಾಮಿರಲಿಲ್ಲ. ದೊಡ್ಡ ಮೈದಾನದ ಸಂಗೀತೋತ್ಸವಕ್ಕೆ ಯಾರ್ಯಾರು ಬರುತ್ತಾರೆಂಬ ಪಟ್ಟಿ ಹೊರಬಿದ್ದ ದಿನ, ಅಭಿಮಾನಿಗಳ ಗುಂಪಿನಲ್ಲಿ ಎಲ್ಲರೂ ಒಬ್ಬೊಬ್ಬ ಕಲಾವಿದರನ್ನು ಹಿಡಿದು ಜಾಡಿಸುತ್ತಿದ್ದರು. ಇವನೂ ಕಳ್ಳಹೆಸರಿನಲ್ಲಿ ಬರೆದ: “ಆ ಕ್ಲಾರಿನೆಟ್‌ನವನನ್ನ ಯಾಕಾದ್ರೂ ಕರೆದರೋ! ಮೂರನೇ ಸಾಲು ಎತ್ತುವಾಗ ಪ್ರತಿಸಲ ಅರ್ಧ ಟಿಕ್ ತಡ.”

ಕ್ಲಾರಿನೆಟ್‌ನವನು ಇವನ ಒಡಹುಟ್ಟಿದ ತಮ್ಮ.

ಬರೆದ ಮೇಲೆ ಫೋನನ್ನು ಮತ್ತೆ ಕೈಗೆತ್ತಿಕೊಂಡ. ಪಕ್ಕದ ಕೋಣೆಯಲ್ಲಿ ತಮ್ಮ ಆ ಮೂರನೇ ಸಾಲನ್ನೇ ನುಡಿಸುತ್ತಿದ್ದ. ಆದರೆ ಅಷ್ಟರಲ್ಲಿ ಮುನ್ನೂರು ಜನ ಮೆಚ್ಚಿಬಿಟ್ಟಿದ್ದರು. ಅಳಿಸಲು ಮನಸ್ಸು ಬರಲಿಲ್ಲ.

ಮರುದಿನ ಊಟಕ್ಕೆ ಕೂತಾಗ ತಮ್ಮ ಫೋನ್ ತೆಗೆದು ಆ ಟೀಕೆಯನ್ನೇ ಗಟ್ಟಿಯಾಗಿ ಓದಿದ.

“ಬಿಡೋ, ಯಾವನೋ ಕೆಲಸ ಇಲ್ದೋನು,” ಎಂದ ಅಣ್ಣ, ತಟ್ಟೆಯಿಂದ ಕಣ್ಣೆತ್ತದೆ.

“ಹಾಗನ್ಬೇಡಣ್ಣ. ಬೆಳಗ್ಗೆಯಿಂದ ನುಡಿಸಿ ನೋಡ್ದೆ, ತಡ ಆಗೋದು ನಿಜ. ನನ್ನ ಇಷ್ಟು ಕಿವಿಗೊಟ್ಟು ಕೇಳಿದೋನು ಇವನೊಬ್ನೇ.” ತಮ್ಮ ಜೇಬಿನಿಂದ ಉತ್ಸವದ ಮೊದಲ ಸಾಲಿನ ಪಾಸ್ ತೆಗೆದು ಅಣ್ಣನ ತಟ್ಟೆಯ ಪಕ್ಕದಲ್ಲಿಟ್ಟ.

“ನನಗ್ಯಾಕೋ ಇದು?”

“ಸೆಕೆಂಡು ಅನ್ನೋ ಕಡೆ ಟಿಕ್ ಅನ್ನೋ ಮನುಷ್ಯ ನನಗೆ ಗೊತ್ತಿರೋ ಹಾಗೆ ಒಬ್ನೇ, ಅಣ್ಣಾ. ಬಂದು ಕೇಳು. ಸರಿಹೋಗಿದ್ಯಾ ಇಲ್ವಾ, ಈ ಸಲ ನನ್ನ ಮುಖ ನೋಡಿ ಹೇಳು.”