ಕತ್ತೆತ್ತಿ ನೋಡುವ ಶಹಾಬಾದ್ ಕಲ್ಲು

ಶಹಾಬಾದಿನಲ್ಲಿ ಇನ್ನೂ ಹೊತ್ತು ಹುಟ್ಟಿಲ್ಲ. ಕಮರುನ್ನೀಸಾ ಅಂಗಳದಲ್ಲಿ ಚಪ್ಪಡಿ ಕಲ್ಲೊಂದರ ಮುಂದೆ ಮಂಡಿಯೂರಿದ್ದಾರೆ. ಕೈಯಲ್ಲಿ ಬಿದಿರಿನ ಲೇಖನಿ, ಪಕ್ಕದಲ್ಲಿ ಚೊಂಬು ನೀರು. ಬರೀ ನೀರಲ್ಲೇ ಕಲ್ಲಿನ ಮೇಲೆ ಅರಬ್ಬಿ ಅಕ್ಷರ ತೀಡುತ್ತಾರೆ. ಒಣಗಿದರೆ ಮತ್ತೆ ತೀಡುತ್ತಾರೆ. ಕೈ ಪಳಗುವುದು ಹೀಗೆ. ಬಿಸಿಲೇರಿದರೆ ಈ ಆಟ ನಡೆಯದು. ಅಕ್ಷರದ ತಲೆ ಬರೆದು ಬಾಲಕ್ಕೆ ಬರುವಷ್ಟರಲ್ಲಿ ತಲೆ ಆವಿಯಾಗಿ ವಾಡಿ ಜಂಕ್ಷನ್ನಿನಲ್ಲಿ ರೈಲು ಹತ್ತಿರುತ್ತದೆ!

ಇವತ್ತು ಎಂದಿಗಿಂತ ಹೆಚ್ಚು ಸಲ ತೀಡಿ ನೋಡುತ್ತಿದ್ದಾರೆ. ಹೋದ ಬೇಸಿಗೆಯಲ್ಲಿ ಚಪ್ಪಡಿ ಜಾರಿಬಿದ್ದು ಬಲಗೈ ಮಣಿಕಟ್ಟು ಮುರಿದಿತ್ತು. ಪ್ಲಾಸ್ಟರ್ ಬಿಚ್ಚಿದ ಮೇಲೂ ಬೆರಳುಗಳು ಚಮಚ ಹಿಡಿಯಲು ಒಲ್ಲೆ ಅಂದವು. ಪಕ್ಕದ ಮನೆಯ ಅಮೃತಮ್ಮ ದಿನಾ ಸಂಜೆ ಕುಸುಬೆ ಎಣ್ಣೆ ಬಿಸಿ ಮಾಡಿ ತಂದು ತಿಕ್ಕಿದರು, ರೊಟ್ಟಿಯನ್ನೂ ಬಡಿದುಕೊಟ್ಟರು. ಈಗ ಅಮೃತಮ್ಮನ ಹೊಸ ಮನೆ ಎದ್ದಿದೆ, ನಾಡಿದ್ದು ಗೃಹಪ್ರವೇಶ. ಅದಕ್ಕೆ ಈ ಚಪ್ಪಡಿಯ ಮೇಲೆ 'ಶುಕ್ರ್' ಎಂಬ ಒಂದೇ ಪದ ಬರೆದುಕೊಡಬೇಕು. ಉಪಕಾರ ನೆನೆಯುವ ಪದ ಅದು. ಕೈ ಮುರಿದ ಮೇಲೆ ಬಣ್ಣದಲ್ಲಿ ಬರೆಯುತ್ತಿರುವುದು ಇದೇ ಮೊದಲು. ಉದ್ದ ಗೆರೆಯನ್ನು ಒಂದೇ ಉಸಿರಲ್ಲಿ ಎಳೆಯಬೇಕು. ನಡುವೆ ಕೈ ನಡುಗಿದರೆ ಕಲ್ಲು ಬಣ್ಣ ಕುಡಿದುಬಿಡುತ್ತದೆ, ಅಳಿಸಲು ಬರುವುದಿಲ್ಲ.

"ನಮ್ಮ ಅಬ್ಬಾ ಗೋರಿಕಲ್ಲಿನ ಮ್ಯಾಲ ಬರೀತಿದ್ರಿ. ಯಾವ ಅಕ್ಷರ ಲೇಖನಿ ಮೊನಿಯ ಎಷ್ಟು ಚುಕ್ಕಿ ಉದ್ದ ಇರಬೇಕು ಅಂತ ಕಿವಿ ಹಿಂಡಿ ಕಲಿಸ್ಯಾರ. ಆ ಅಳತಿ ನಾ ಮುರಿಯಂಗಿಲ್ಲ. ಆದ್ರ ಅಕ್ಷರಕ್ಕ ನಮ್ಮೂರ ಗಾಳಿ ಬ್ಯಾಡೇನ್ರಿ?" ಅನ್ನುತ್ತಾರೆ ಕಮರುನ್ನೀಸಾ.

ಹಾಗಾಗಿ ಅವರ ನೆಟ್ಟಗಿನ 'ಅಲಿಫ್' ಅಕ್ಷರ ಸಿಮೆಂಟ್ ಫ್ಯಾಕ್ಟರಿಯ ಚಿಮಣಿಯಂತೆ ಹೊಗೆ ಬಿಡುತ್ತ ನಿಲ್ಲುತ್ತದೆ. ಬಾಗಿದ 'ರೇ' ಅಕ್ಷರ ಕಾಗಿಣಾ ಹೊಳೆಯಂತೆ ಬಳುಕುತ್ತದೆ. ಚುಕ್ಕಿಗಳಿಗೆ ತೊಗರಿಬೇಳೆಯ ಬಣ್ಣ. ಹಗಲೆಲ್ಲ ಕಲ್ಲು ಪಾಲಿಶ್ ಮಾಡುವ ಕೆಲಸ. ಕೈ ಚೆನ್ನಾಗಿದ್ದಾಗ ಸೇಡಂ, ಚಿತ್ತಾಪುರದ ಕಡೆಯಿಂದ ವಾರಕ್ಕೆ ಒಂದೋ ಎರಡೋ ಹೆಸರಿನ ಫಲಕ ಬರೆಸಲು ಜನ ಬರುತ್ತಿದ್ದರು.

ಅಷ್ಟರಲ್ಲಿ ಅಮೃತಮ್ಮನ ಗಂಡ ಸಂಗಣ್ಣ ಬರುತ್ತಾರೆ. ಕಲ್ಲಿನ ಗಣಿಯಲ್ಲಿ ದುಡಿಯುವ ಅವರೇ ಈ ಚಪ್ಪಡಿ ಆರಿಸಿ ತಂದವರು.

"ಏನ್ ತಂಗಿ, ಕಲ್ಲಿಗಿ ಜಳಕಾ ಮಾಡಸ್ಲಿಕತ್ತೀಯೇನು? ಜಲ್ದಿ ಬರೀವ್ವ, ಕಲ್ಲು ಕೂಡಸೋ ಗೌಂಡಿ ಬರ್ತಾನ. ಹೊಸ್ತಿಲ ಮುಂದ ಜಾಗಾ ಬಿಟ್ಟೀನಿ. ಬಂದವ್ರೆಲ್ಲ ಇದರ ಮ್ಯಾಲೇ ಕಾಲಿಟ್ಟು ಒಳಗ ಬರ್ಲಿ!"

ಲೇಖನಿ ಗಕ್ಕನೆ ನಿಲ್ಲುತ್ತದೆ. "ಅಯ್ಯ ಅಣ್ಣಾ! ಅಕ್ಷರ ತುಳಿಸ್ತೀರೇನು?"

ಸಂಗಣ್ಣ ನಾಲಿಗೆ ಕಚ್ಚಿಕೊಳ್ಳುತ್ತಾರೆ. "ತಪ್ಪಾತವ್ವ. ಚಂದ ಕಲ್ಲು ಎಲ್ಲರ ಕಣ್ಣಿಗಿ ಬೀಳ್ಲಿ ಅಂತ ಅಂದೆ. ಶಹಾಬಾದ್ ಕಲ್ಲು ಅಂದ್ರ ನನಗ ನೆಲಾನೇ ನೆನಪಾಗ್ತದ."

ಹಿಂದಿನಿಂದ ಅಮೃತಮ್ಮ ಬರುತ್ತಾರೆ. "ಇವರ ಕೈಯಾಗ ಚಂದ್ರನ್ನ ಕೊಟ್ರೂ ಬಚ್ಚಲಕ್ಕ ಹಾಸ್ತಾರ! ಕಮ್ರು, ನೀ ಬರಿ. ನೀರಿನ ಕೊಡದ ಮ್ಯಾಲ ಗ್ವಾಡಿಗಿ ಕೂಡಸೂಣು. ದಿನಾ ನೀರು ಕುಡಿಯೋ ಮುಂದ ನೋಡ್ತೀವಿ."

ಕಮರುನ್ನೀಸಾ ಹೊಟ್ಟೆ ಹಿಡಿದು ನಗುತ್ತಾರೆ. ನಕ್ಕು ನಕ್ಕು ಭುಜ ಸಡಿಲಾಗುತ್ತದೆ. ಅದೇ ಸಡಿಲಿನಲ್ಲಿ ಲೇಖನಿಯನ್ನು ಕರಿ ಬಣ್ಣಕ್ಕೆ ಅದ್ದಿ ಉಸಿರು ಬಿಗಿಹಿಡಿಯುತ್ತಾರೆ. ಅಂಗಳದಲ್ಲಿ ಮಿಕ್ಕವರೂ ಉಸಿರು ಬಿಗಿಹಿಡಿಯುತ್ತಾರೆ. ಕೋಳಿ ಸಹ ಕೂಗುವುದನ್ನು ಅರ್ಧಕ್ಕೆ ನಿಲ್ಲಿಸುತ್ತದೆ. ಗೆರೆ ಚಿಂಚೋಳಿ ಮುಟ್ಟಿ ವಾಪಸ್ ಬಂದಷ್ಟು ಉದ್ದ ಅನಿಸುತ್ತದೆ. ಕೈ ನಡುಗುವುದಿಲ್ಲ.

ಅಮೃತಮ್ಮ ಆ ಮಣಿಕಟ್ಟನ್ನು ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡುತ್ತಾರೆ. "ಈ ಕೈಯಾಗ ಅರ್ಧ ಪಾಲು ನಂದದ, ಮರೀಬ್ಯಾಡ ಮತ್ತ!"

"ಅರ್ಧ ಯಾಕಕ್ಕ, ಪೂರಾ ನಿಂದೇ," ಅನ್ನುತ್ತ ಕಮರುನ್ನೀಸಾ ಕಣ್ಣೊರೆಸಿಕೊಳ್ಳುತ್ತಾರೆ.

ಇನ್ನೇನು ಆಸೆ ಇದೆ ಎಂದು ಕೇಳಿದರೆ ಲೇಖನಿ ತೊಳೆಯುತ್ತಲೇ ಹೇಳುತ್ತಾರೆ: "ನಮ್ಮೂರ ಕಲ್ಲು ಎಲ್ಲಿ ಹೋದ್ರೂ ಮಂದಿ ಕಾಲ ಕೆಳಗೇ ಇರ್ತದರಿ. ನನ್ನ ಕೈಗಿ ಬಂದಷ್ಟಾದ್ರೂ ಗ್ವಾಡಿ ಏರ್ಲಿ. ಮಂದಿ ಕತ್ತೆತ್ತಿ ನೋಡ್ಲಿ."